ದಿವಾನಗಿರಿಯೂ ಮಂಡ್ಯದ ಮಣ್ಣೂ

ಮಳವಳ್ಳಿ ಸೀಮೆಯ ದಕ್ಷಿಣದ ಅಂಚಿನಲ್ಲಿ ಕಾವೇರಿಯು ಎರಡು ಕವಲಾಗಿ ಗಗನಚುಕ್ಕಿ ಭರಚುಕ್ಕಿಗಳೆಂಬ ಪ್ರಪಾತಗಳಲ್ಲಿ ಧುಮುಕುವ ಶಿವನಸಮುದ್ರವು ಪುರಾತನ ಕಾಲದಿಂದಲೂ ಯಾತ್ರಿಕರಿಗೆ ಪರಿಚಿತವಾದ ಕ್ಷೇತ್ರವೇ ಆಗಿದ್ದರೂ, ಆ ಜಲಪಾತದ ವೇಗವನ್ನು ರಾಜ್ಯದ ಸಂಪತ್ತನ್ನಾಗಿ ಪರಿವರ್ತಿಸಬಹುದೆಂಬ ಯೋಚನೆಯು ಸರ್ಕಾರದ ಕಡತಗಳನ್ನು ಪ್ರವೇಶಿಸಿದುದು, 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ. ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರಬಲ ಬೇಕಾಗಿತ್ತು. ಸಂಸ್ಥಾನಕ್ಕೆ ಆದಾಯ ಬೇಕಾಗಿತ್ತು. ಸುಮಾರು 92 ಮೈಲಿಗಳ ತಂತಿಯ ಮಾರ್ಗದಲ್ಲಿ 1902ರ ಜೂನ್ 30ರಂದು ವಿದ್ಯುತ್ತು ಗಣಿಗಳನ್ನು ಮುಟ್ಟಿತು. ಶೇಷಾದ್ರಿ ಅಯ್ಯರ್ ಅವರು ಅದಕ್ಕೆ ಮೊದಲೇ, 1901ರ ಸೆಪ್ಟೆಂಬರಿನಲ್ಲಿ, ಕಾಲವಾಗಿದ್ದರು. ಒಬ್ಬ ಮಂತ್ರಿಯು ಆರಂಭಿಸಿದ ಕಾರ್ಯವನ್ನು ಮತ್ತೊಬ್ಬನು ಪೂರೈಸುವ ಈ ಕ್ರಮವು ಮುಂದಿನ ನಾಲ್ಕು ದಶಕಗಳ ಕಾಲ ಈ ಪ್ರಾಂತದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಂಡುಬರುವುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಭಾಗ್ಯವನ್ನು ರೂಪಿಸಿದುದು ಯಾವ ಒಬ್ಬ ದಿವಾನರ ಪ್ರತಿಭೆಯೂ ಅಲ್ಲ, ಈ ಪರಂಪರೆಯೇ ಎಂದು ನಾನು ನಂಬುತ್ತೇನೆ.

ಮಂತ್ರಿಯ ಕರ್ತವ್ಯವು ಕಂದಾಯದ ವಸೂಲಿಗೂ ಶಾಂತಿಪಾಲನೆಗೂ ಸೀಮಿತವಾಗಿದ್ದ ಹಿಂದಿನ ಯುಗದಲ್ಲಿಯೂ ಈ ನಾಡು ಸಮರ್ಥರನ್ನು ಕಾಣದೆ ಇರಲಿಲ್ಲ. ಹೈದರನಿಗೂ ಟಿಪ್ಪುವಿಗೂ ಅಧಿಕಾರಿಯಾಗಿದ್ದು, 1799ರ ಅನಂತರ ಬಾಲಕ ಮುಮ್ಮಡಿ ಕೃಷ್ಣರಾಜರ ದಿವಾನರಾಗಿ 1811ರವರೆಗೆ ರಾಜ್ಯಭಾರವನ್ನು ನಿರ್ವಹಿಸಿದ ಪೂರ್ಣಯ್ಯನವರ ಕಾಲದಲ್ಲಿಯೇ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರು ಚದುರಿಹೋಗಿದ್ದ ಕ್ರೈಸ್ತ ಸಭೆಯನ್ನು ಮರಳಿ ಒಗ್ಗೂಡಿಸಿ, ಅದಕ್ಕೊಂದು ಚರ್ಚನ್ನು ಕಟ್ಟಿದರು. ಜನರು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದ ಆ ಪಾದ್ರಿಯು 1803-04ರಲ್ಲಿ ತಮ್ಮ ಸಹಾಯಕರೊಡನೆ 25,432 ಮಂದಿಗೆ ಸಿಡುಬಿನ ದೇವಿ ಹಾಕಿದರೆಂಬುದು ದಾಖಲೆಯಾಗಿದೆ. ಸರ್ಕಾರಕ್ಕೆ ವೈದ್ಯಶಾಲೆಗಳ ವ್ಯವಸ್ಥೆಯೇ ಇಲ್ಲದಿದ್ದ ದಿನಗಳಲ್ಲಿ ಧರ್ಮಗುರುವೊಬ್ಬನು ಪ್ರಜೆಗಳ ಆರೋಗ್ಯದ ಭಾರವನ್ನು ಹೊತ್ತುದು ಸ್ಮರಣೀಯವಾದ ಸಂಗತಿ.

ಆದರೆ ಮಂಡ್ಯದ ಹೊಲಗಳ ಬಾಯಾರಿಕೆಯನ್ನು ಪೂರ್ಣಯ್ಯನವರಾಗಲಿ, ಶೇಷಾದ್ರಿ ಅಯ್ಯರ್ ಅವರಾಗಲಿ ನೀಗಲಿಲ್ಲ. ಕಾವೇರಿಯು ತಗ್ಗಿನಲ್ಲಿ ಹರಿಯುತ್ತಿದ್ದಿತು. ದಿಣ್ಣೆಯ ಮೇಲಿನ ಹೊಲಗಳು ರಾಗಿಯನ್ನೂ ಹುರುಳಿಯನ್ನೂ ಬೆಳೆಯುತ್ತ ಮಳೆಯ ದಾರಿ ಕಾಯುತ್ತಿದ್ದವು. ಹಳೆಯ ಅಣೆಕಟ್ಟುಗಳ ಕಾಲುವೆಗಳು ನದಿಯ ಮಗ್ಗುಲಿನ ಕಿರಿದಾದ ಪಟ್ಟಿಗಷ್ಟೇ ನೀರುಣಿಸಬಲ್ಲವಾಗಿದ್ದವು. ಮಳವಳ್ಳಿಯ ನೀರಿನ ಬಲವು ಕೋಲಾರದ ಚಿನ್ನವನ್ನು ಮೇಲೆತ್ತಿದ ಮೇಲೆಯೂ ಮೂವತ್ತು ವರ್ಷಗಳ ಕಾಲ ಮಳವಳ್ಳಿಯ ರೈತನು ಆಕಾಶವನ್ನೇ ನೋಡಬೇಕಾಯಿತೆಂಬುದನ್ನು ನಾವು ಮರೆಯಲಾಗದು.

ಬೇಸಗೆಯಲ್ಲಿ ನದಿಯು ಸೊರಗಿದಾಗ ವಿದ್ಯುತ್ತಿನ ಉತ್ಪಾದನೆಯೂ ಕುಗ್ಗುತ್ತಿದ್ದುದರಿಂದ, ಗಣಿಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಮೇಲ್ಗಡೆ ಜಲಾಶಯವೊಂದು ಅವಶ್ಯವಾಯಿತು. ಅದೇ ಜಲಾಶಯವು ಹೊಲಗಳಿಗೂ ನೀರುಣಿಸಬೇಕೆಂದು ಹಟ ಹಿಡಿದವರು ಅಂದಿನ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು. 1911ರಲ್ಲಿ ಕನ್ನಂಬಾಡಿಯ ಬಳಿ ಕಟ್ಟೆಯ ಕೆಲಸವು ಪ್ರಾರಂಭವಾಯಿತು. ಮರುವರ್ಷ ಅವರೇ ದಿವಾನರಾದರು. ನದಿಯ ನೀರಿನ ಬಗ್ಗೆ ಮೈಸೂರಿಗೂ ಮದರಾಸಿಗೂ ಆಗಿದ್ದ 1892ರ ಒಪ್ಪಂದದ ಬಲದಿಂದ ಮದರಾಸು ಸರ್ಕಾರವು ಆಕ್ಷೇಪಣೆಯೆತ್ತಿ, ಎಂಬತ್ತು ಅಡಿಗಳಿಗಷ್ಟೇ ಅನುಮತಿಯಿದ್ದ ಕಾಲದಲ್ಲಿಯೂ 124 ಅಡಿಗಳ ಕಟ್ಟೆಯನ್ನು ತಾಳಬಲ್ಲ ಅಗಲವಾದ ತಳಹದಿಯನ್ನೇ ಹಾಕಿಸಿದುದು ಅವರ ಧೈರ್ಯಕ್ಕೂ ದೂರದೃಷ್ಟಿಗೂ ಸಾಕ್ಷಿ. 1918ರಲ್ಲಿ ಅವರು ಅಧಿಕಾರವನ್ನು ತ್ಯಜಿಸಿದರು. ಮದರಾಸಿನೊಡನೆ ಒಡಂಬಡಿಕೆಯಾದುದು 1924ರ ಫೆಬ್ರವರಿಯಲ್ಲಿ, ದಿವಾನ್ ಆಲ್ಬಿಯನ್ ಬ್ಯಾನರ್ಜಿಯವರ ಕಾಲದಲ್ಲಿ. ಕನ್ನಂಬಾಡಿ ಗ್ರಾಮವೂ ಅದರ ವೇಣುಗೋಪಾಲನ ಗುಡಿಯೂ ನೀರಿನಲ್ಲಿ ಮುಳುಗಿದವು. ಕೆಳಗಿನ ಗದ್ದೆಗಳ ಹಸಿರಿಗಾಗಿ ನೆಲೆ ತೊರೆದವರ ಋಣವು ಇಂದಿಗೂ ಈ ಸೀಮೆಯ ಮೇಲಿದೆ.

ಕಟ್ಟೆಯಲ್ಲಿ ನೀರು ನಿಂತುದರಿಂದಲೇ ಬೆಳೆ ಬಾರದಷ್ಟೆ. ಅದನ್ನು ಹೊಲಗಳಿಗೆ ಒಯ್ಯುವ ನಾಲೆಗೆ ಕರಿಘಟ್ಟದ ಬೆಟ್ಟಸಾಲು ಅಡ್ಡವಿದ್ದುದರಿಂದ ಹುಲಿಕೆರೆಯ ಬಳಿ ಸುಮಾರು ಒಂದೂಮುಕ್ಕಾಲು ಮೈಲಿಯ ಸುರಂಗವನ್ನು ಕೊರೆದು ನಾಲೆಯನ್ನು ಆಚೆಗೆ ದಾಟಿಸಬೇಕಾಯಿತು. 1926ರಲ್ಲಿ ದಿವಾನಗಿರಿಗೆ ಬಂದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಿದ್ಧವಾದ ಈ ನಾಲೆಗೆ ಮೊದಲು ವೈಸರಾಯ್ ಇರ್ವಿನ್ನರ ಹೆಸರಿದ್ದಿತು. ಇಂದು ಅದು ವಿಶ್ವೇಶ್ವರಯ್ಯ ನಾಲೆ, ರೈತರ ಬಾಯಲ್ಲಿ ವಿ.ಸಿ. ನಾಲೆ. 1,20,000 ಎಕರೆಗಳಿಗೆ ನೀರುಣಿಸುವ ಉದ್ದೇಶವಿದ್ದ ಈ ಯೋಜನೆಯಲ್ಲಿ, ಭೂಮಿಯನ್ನು ಖಂಡಗಳಾಗಿ ವಿಭಜಿಸಿ ಭತ್ತ, ಕಬ್ಬು, ಅರೆನೀರಾವರಿಯ ಬೆಳೆಗಳನ್ನು ಮೂರು ವರ್ಷಗಳ ಸರದಿಯಲ್ಲಿ ಬೆಳೆಯಬೇಕೆಂಬ ನಿಯಮವನ್ನು ವಿಧಿಸಲಾಯಿತು. ಬೆಳೆದ ಕಬ್ಬು ಎಲ್ಲಿಗೆ ಹೋಗಬೇಕು? ಆಲೆಮನೆಗಳು ಅಷ್ಟನ್ನೂ ಅರೆಯಲಾರವು. ಕೆನಡಾ ದೇಶದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಡಾ. ಲೆಸ್ಲಿ ಕೋಲ್ಮನ್ನರು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯಾಗಬೇಕೆಂದು ಪ್ರತಿಪಾದಿಸಿದರು. 1932ರಲ್ಲಿ ಭಾರತ ಸರ್ಕಾರವು ವಿದೇಶೀ ಸಕ್ಕರೆಯ ವಿರುದ್ಧ ಸುಂಕದ ರಕ್ಷಣೆಯನ್ನು ಕೊಟ್ಟುದು ಅನುಕೂಲವಾಗಿ ಒದಗಿತು. 1933ರಲ್ಲಿ ಸರ್ಕಾರವೂ ಸಾರ್ವಜನಿಕರೂ ಷೇರುದಾರರಾದ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಮಂತ್ರಿಯು ವರ್ತಕನೂ ಆದ ಈ ಪ್ರಯೋಗವನ್ನು ನಾನು ಮೆಚ್ಚುತ್ತೇನೆ, ಏತಕ್ಕೆಂದರೆ ಲಾಭದ ಬಾಗಿಲಿನವರೆಗೆ ರೈತನನ್ನು ಕರೆತಂದು ಅಲ್ಲಿ ಕೈಬಿಡುವ ಬದಲು, ನೀರು, ಬಿತ್ತನೆ, ಕಾರ್ಖಾನೆಗಳ ಸರಪಳಿಯನ್ನು ಪೂರ್ತಿಯಾಗಿ ಬೆಸೆಯುವ ಹೊಣೆಯನ್ನು ಸರ್ಕಾರವು ಇಲ್ಲಿ ವಹಿಸಿಕೊಂಡಿತು. ನಾಲೆಯ ಬೆನ್ನಲ್ಲೇ ಮಲೇರಿಯಾ ಜ್ವರವೂ ಹಬ್ಬಿ ಹಳ್ಳಿಗಳನ್ನು ಪೀಡಿಸಿತೆಂಬುದೂ ಅಷ್ಟೇ ನಿಜ. ರೈಲುನಿಲ್ದಾಣದ ಸಣ್ಣ ಊರಾಗಿದ್ದ ಮಂಡ್ಯವು 1939ರ ಜುಲೈ 1ರಂದು ಜಿಲ್ಲೆಯ ಕೇಂದ್ರವಾಯಿತು.

ಇಷ್ಟೆಲ್ಲವನ್ನೂ ದಿವಾನರು ಮಹಾರಾಜರಿಗೆ ಹೊಣೆಗಾರರಾಗಿ ಮಾಡಿದರು, ಪ್ರಜೆಗಳಿಗೆ ಹೊಣೆಗಾರರಾಗಿ ಅಲ್ಲ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಕರೆದ ಪ್ರಜಾಪ್ರತಿನಿಧಿ ಸಭೆಯು ಅಹವಾಲನ್ನು ಹೇಳಿಕೊಳ್ಳುವ ಸ್ಥಳವಾಗಿದ್ದಿತೇ ಹೊರತು ಮಂತ್ರಿಯನ್ನು ಇಳಿಸುವ ಶಕ್ತಿಯನ್ನು ಪಡೆದಿರಲಿಲ್ಲ. ನಾಲೆಯ ನೀರಿನಿಂದ ಕೈಯಲ್ಲಿ ಹಣವಾಡತೊಡಗಿದ ಸೀಮೆಯಲ್ಲಿಯೇ ಆ ಶಕ್ತಿಯ ಬೇಡಿಕೆಯು ಗಟ್ಟಿಯಾಗಿ ಕೇಳಿಬಂದುದು ಗಮನಾರ್ಹ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ, ಸರ್ಕಾರದ ನಿಷೇಧವಿದ್ದರೂ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಸಮ್ಮೇಳನದಲ್ಲಿ ತ್ರಿವರ್ಣಧ್ವಜವನ್ನು ಹಾರಿಸಲಾಯಿತು. ನಾಲೆಯನ್ನು ತಂದ ಮಿರ್ಜಾ ಅವರೇ ಆಗ ದಿವಾನರು. ಉಪಕಾರವನ್ನು ಅರಿತವರೂ ಹಕ್ಕನ್ನು ಕೇಳಬಹುದೆಂಬುದನ್ನು ಮದ್ದೂರಿನ ರೈತರು ಕೃತಘ್ನತೆಯ ಲೇಶವೂ ಇಲ್ಲದೆ ತೋರಿಸಿಕೊಟ್ಟರು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನಪ್ರತಿನಿಧಿಗಳ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು.

ಆಮೇಲಿನ ಮಂತ್ರಿಗಳಲ್ಲಿ ಈ ಮಣ್ಣಿನವರೇ ಅನೇಕರು. ಜನರು ನಿತ್ಯಸಚಿವರೆಂದು ಗೌರವಿಸಿದ ಕೆ.ವಿ. ಶಂಕರಗೌಡರು ಕಬ್ಬಿನ ಹಣದಿಂದ ವಿದ್ಯೆ ಬೆಳೆಯಬೇಕೆಂದು ಶ್ರಮಿಸಿ, 1962ರಲ್ಲಿ ಮಂಡ್ಯಕ್ಕೆ ಎಂಜಿನಿಯರಿಂಗ್ ಕಾಲೇಜನ್ನು ತಂದರು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು 1999ರಲ್ಲಿ ಮುಖ್ಯಮಂತ್ರಿಗಳಾದರು. ನಾಲೆಗೆ ನೀರನ್ನು ಯಾವಾಗ ಬಿಡಬೇಕು, ನೀರನ್ನು ಸರದಿಯಂತೆ ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ಹರಿಸಬೇಕು ಎಂಬುದನ್ನು ಇಂದು ನೀರಾವರಿ ಸಲಹಾ ಸಮಿತಿಯಲ್ಲಿ ಸಚಿವರು ಕುಳಿತು ನಿರ್ಧರಿಸುವರು; ನಾಲೆಯ ಕೊನೆಯಂಚಿನ ಮಳವಳ್ಳಿಯ ರೈತರು ತಮ್ಮ ಗದ್ದೆಗೆ ನೀರು ತಲಪಲಿಲ್ಲವೆಂದು ಅವರನ್ನು ನೇರವಾಗಿ ಪ್ರಶ್ನಿಸುವರು.