ದಾರಿಗೆ ಕಟ್ಟಿಕೊಟ್ಟ ಬುತ್ತಿ

ಹೊಸ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಅಳವಡಿಸಿದ್ದಾಗಿದೆ. ಅದು ಇರುವ ಜಾಗವನ್ನು ‘ಪಾತ್’ ಎಂಬ ಪಟ್ಟಿಗೆ ಸೇರಿಸಿದ್ದೂ ಆಗಿದೆ. ಆದರೂ ಎದುರಿಗೆ ತೆರೆದಿರುವ ಕಪ್ಪು ಪರದೆಯ ಮೇಲೆ ಅದರ ಹೆಸರು ಟೈಪು ಮಾಡಿದರೆ, ಅಂಥ ಆಜ್ಞೆಯೇ ಇಲ್ಲವೆಂಬ ಉತ್ತರ. ಬೇಸತ್ತು ಆ ಕಿಟಕಿ ಮುಚ್ಚಿ ಇನ್ನೊಂದನ್ನು ತೆರೆದರೆ ಎಲ್ಲವೂ ಸರಿ! ಕಂಪ್ಯೂಟರಿನೊಡನೆ ಆಜ್ಞೆಗಳ ಮೂಲಕ ವ್ಯವಹರಿಸುವವರು ಒಂದಲ್ಲ ಒಂದು ದಿನ ಈ ಮೊಂಡುತನವನ್ನು ಕಂಡೇ ಇರುತ್ತಾರೆ. ಇದನ್ನು ಯಂತ್ರದ ದೋಷವೆಂದು ಬೈಯುವವರೂ ಉಂಟು. ಆದರೆ ಇದು ದೋಷವಲ್ಲ. ಅರ್ಧ ಶತಮಾನಕ್ಕೂ ಹಿಂದೆ ಕೈಗೊಂಡ ಒಂದು ತೀರ್ಮಾನದ ಫಲ.

ಅದರ ಮೂಲ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಪಿಡಿಪಿ–7 ಎಂಬ ಯಂತ್ರದ ಮೇಲೆ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಬಳಕೆದಾರನ ಆಜ್ಞೆಗಳನ್ನು ಓದಿ ನಡೆಸಿಕೊಡುವ ಕ್ರಮವಿಧಿಗೆ ‘ಷೆಲ್’ ಎಂದು ಹೆಸರು. ಕೆಲಕಾಲದ ಬಳಿಕ ‘ಫೋರ್ಕ್’ ಎಂಬ ಏರ್ಪಾಡು ಬಂತು. ಅದರಂತೆ ಷೆಲ್ ಪ್ರತಿಯೊಂದು ಆಜ್ಞೆಗೂ ತನ್ನದೇ ಒಂದು ಪ್ರತಿರೂಪವನ್ನು, ಅಂದರೆ ಒಂದು ‘ಮಗು’ವನ್ನು ಹುಟ್ಟಿಸುತ್ತದೆ. ಮಗು ಕೆಲಸ ಮುಗಿಸಿ ಮರೆಯಾಗುತ್ತದೆ. ತಾಯಿ ಮುಂದಿನ ಆಜ್ಞೆಗೆ ಕಾದು ಕೂರುತ್ತದೆ. ಇದನ್ನು ಸೇರಿಸಲು ಬೇಕಾದದ್ದು 27 ಸಾಲುಗಳ ಅಸೆಂಬ್ಲಿ ಭಾಷೆಯ ಬರಹ ಮಾತ್ರ.

ಆದರೆ ಹೊಸ ಏರ್ಪಾಡು ಬಂದೊಡನೆ ಒಂದು ವಿಚಿತ್ರ ನಡೆಯಿತು. ಒಂದು ಕಡತಕೋಶದಿಂದ ಇನ್ನೊಂದಕ್ಕೆ ಹೋಗುವ ಆಜ್ಞೆ ಇದ್ದಕ್ಕಿದ್ದಂತೆ ಕೆಲಸ ಮಾಡದಾಯಿತು. ತಪ್ಪು ಎಲ್ಲಿದೆಯೆಂದು ಎಲ್ಲರೂ ತಡಕಾಡಿದರು. ಕೊನೆಗೆ ಗುಟ್ಟು ಹೊಳೆಯಿತು: ಆಜ್ಞೆ ಸರಿಯಾಗಿಯೇ ನಡೆಯುತ್ತಿತ್ತು, ಆದರೆ ಜಾಗ ಬದಲಿಸುತ್ತಿದ್ದುದು ಮಗು. ಅದು ಮರುಕ್ಷಣವೇ ಮರೆಯಾಗುತ್ತಿತ್ತು. ತಾಯಿ ಇದ್ದಲ್ಲೇ ಇರುತ್ತಿತ್ತು. ಆದ್ದರಿಂದ ಆ ಕೆಲಸವನ್ನು ಷೆಲ್ ತಾನೇ ಮಾಡಬೇಕೆಂದು ಗೊತ್ತುಪಡಿಸಲಾಯಿತು. ಈ ಪ್ರಸಂಗವನ್ನು ರಿಚಿ ಅವರೇ 1979ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾರೆ.

ಅದೇ 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿ ಹೊರಬಂತು. ಅದರೊಡನೆ ಬಂದವು ಸ್ಟೀಫನ್ ಬೋರ್ನ್ ಬರೆದ ಹೊಸ ಷೆಲ್ ಮತ್ತು ‘ಎನ್ವಿರಾನ್‌ಮೆಂಟ್ ವೇರಿಯಬಲ್’ಗಳು. ಬಳಕೆದಾರನ ಮನೆ ಯಾವುದು, ಅವನ ಟರ್ಮಿನಲ್ ಯಾವ ಬಗೆಯದು, ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬಂಥ ಸಣ್ಣಪುಟ್ಟ ಮಾಹಿತಿಗಳ ಗಂಟು ಇದು. ಊರಿಗೆ ಹೊರಟ ಮಗನಿಗೆ ತಾಯಿ ಬುತ್ತಿ ಕಟ್ಟಿಕೊಡುವಂತೆ, ಹುಟ್ಟುವ ಪ್ರತಿ ಮಗುವಿಗೂ ಷೆಲ್ ಈ ಗಂಟಿನ ಒಂದು ನಕಲನ್ನು ಕೊಟ್ಟು ಕಳುಹಿಸುತ್ತದೆ. ನಕಲು ಎಂಬುದೇ ಇಲ್ಲಿ ಮುಖ್ಯ. ಮಗ ದಾರಿಯಲ್ಲಿ ಬುತ್ತಿಗೆ ಉಪ್ಪು ಬೆರೆಸಿಕೊಂಡರೆ ಮನೆಯ ಅಡುಗೆಯ ರುಚಿ ಬದಲಾಗದು. ಮನೆಯಲ್ಲಿ ಆಮೇಲೆ ಹೋಳಿಗೆ ಮಾಡಿದರೂ ಹೊರಟುಹೋದವನ ಬುತ್ತಿಯಲ್ಲಿ ಅದು ಇರದು.

ತೆರೆದ ಕಿಟಕಿ ಹೊಸ ವಿಳಾಸವನ್ನು ಅರಿಯದಿರುವುದು ಇದರಿಂದಲೇ. ಬೋರ್ನ್ ಷೆಲ್ ಇದಕ್ಕೊಂದು ಉಪಾಯವನ್ನೂ ಒದಗಿಸಿತು. ಕಡತದ ಹೆಸರಿನ ಹಿಂದೆ ಒಂದು ಚುಕ್ಕಿ ಮತ್ತು ತೆರಪು ಇಟ್ಟರೆ, ಷೆಲ್ ಮಗುವನ್ನು ಕಳುಹಿಸದೆ ತಾನೇ ಆ ಕಡತವನ್ನು ಓದಿ ನಡೆಸುತ್ತದೆ. ಬರ್ಕ್ಲಿಯಲ್ಲಿ ಬಿಲ್ ಜಾಯ್ ರೂಪಿಸಿದ ಸಿ ಷೆಲ್‌ನಲ್ಲಿ ಇದೇ ಕೆಲಸಕ್ಕೆ ‘ಸೋರ್ಸ್’ ಎಂಬ ಆಜ್ಞೆ ಬಂತು. ಆದರೆ ಇದೂ ಪೂರ್ತಿ ಮದ್ದಲ್ಲ. ಕಡತದಿಂದ ಅಳಿಸಿದ ಸಾಲು ಷೆಲ್‌ನ ನೆನಪಿನಿಂದ ತಾನಾಗಿ ಅಳಿಯದು. ಪಟ್ಟಿಯ ತುದಿಗೆ ವಿಳಾಸ ಸೇರಿಸುವ ಸಾಲು ಎರಡು ಸಲ ಓದಿದರೆ ಎರಡು ಸಲ ಸೇರೀತು.

1983ರಲ್ಲಿ ಬಂದ ಎಂಎಸ್–ಡಾಸ್‌ನ ಎರಡನೆಯ ಆವೃತ್ತಿಯೂ ಇಂಥದೇ ಗಂಟನ್ನು ಅಳವಡಿಸಿಕೊಂಡಿತು. ಆಗಿನವರು ಆಟೋಎಕ್ಸೆಕ್ ಕಡತವನ್ನು ತಿದ್ದಿ, ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಯಂತ್ರವನ್ನೇ ಮತ್ತೆ ಚಾಲೂ ಮಾಡುತ್ತಿದ್ದರು. ವಿಂಡೋಸ್ ಎನ್‌ಟಿ ಈ ಮಾಹಿತಿಯನ್ನು ‘ರಿಜಿಸ್ಟ್ರಿ’ ಎಂಬ ದಾಖಲೆ ಕೋಶದಲ್ಲಿರಿಸಿತು. ಆ ಬಳಗದ ವಿಂಡೋಸ್‌ಗಳಲ್ಲಿ ಬದಲಾವಣೆಯಾದಾಗ ತೆರೆದ ಕಿಟಕಿಗಳಿಗೆಲ್ಲ ಡಂಗುರ ಹೊಡೆಸುವ ಕ್ರಮವಿದೆ. ಎಕ್ಸ್‌ಪ್ಲೋರರ್ ಆ ಡಂಗುರ ಕೇಳಿ ತನ್ನ ಗಂಟನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆಜ್ಞೆಗಳ ಕಪ್ಪು ಕಿಟಕಿ ಮಾತ್ರ ಕಿವಿಗೊಡುವುದಿಲ್ಲ. ಹಾಗಾಗಿಯೇ ಹೊಸ ಕಿಟಕಿಗೆ ಹೊಸ ಬುತ್ತಿ, ಹಳೆಯದಕ್ಕೆ ಹಳೆಯದೇ.

ಹೊರಗಿನಿಂದಲೇ ಎಲ್ಲರ ಗಂಟನ್ನೂ ಬದಲಿಸುವಂತಿದ್ದರೆ ಸುಲಭವಾಗುತ್ತಿರಲಿಲ್ಲವೆ? ಇದಕ್ಕೆ ಉತ್ತರ 2014ರ ಸೆಪ್ಟೆಂಬರಿನಲ್ಲಿ ಬಯಲಾದ ‘ಷೆಲ್‌ಶಾಕ್’ ದೋಷದಲ್ಲಿದೆ. ಬ್ಯಾಶ್ ಎಂಬ ಜನಪ್ರಿಯ ಷೆಲ್, ಹುಟ್ಟುವಾಗ ದೊರೆತ ಗಂಟಿನೊಳಗೆ ಹುದುಗಿದ್ದ ಆಜ್ಞೆಗಳನ್ನು ವಿಚಾರಿಸದೆ ನಡೆಸಿಬಿಡುತ್ತಿತ್ತು. ವೆಬ್ ಸರ್ವರುಗಳು ದೂರದ ಅಪರಿಚಿತರು ಕಳುಹಿಸಿದ ಪದಗಳನ್ನೂ ಇದೇ ಗಂಟಿನಲ್ಲಿ ಕಟ್ಟಿಕೊಡುತ್ತಿದ್ದುದರಿಂದ, ಜಗತ್ತಿನಾದ್ಯಂತ ಯಂತ್ರಗಳು ಅಪಾಯಕ್ಕೆ ತೆರೆದುಕೊಂಡವು. ಸುಮಾರು 25 ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ದೋಷವದು. ಹೊರಡುವಾಗ ಒಮ್ಮೆ ಪಡೆದ ಬುತ್ತಿಯೇ ಇಷ್ಟು ಅನಾಹುತಕ್ಕೆ ಎಡೆಮಾಡಿದರೆ, ದಾರಿಯುದ್ದಕ್ಕೂ ಯಾರು ಬೇಕಾದರೂ ಕೈ ಹಾಕಬಹುದಾದ ಬುತ್ತಿಯ ಗತಿಯೇನು? ಕೆಲಸದ ನಡುವೆ ಪಟ್ಟಿ ತಾನಾಗಿ ಬದಲಾದರೆ, ಅರ್ಧ ಕೆಲಸ ಒಂದು ತಂತ್ರಾಂಶದಿಂದಲೂ ಉಳಿದರ್ಧ ಇನ್ನೊಂದರಿಂದಲೂ ನಡೆದೀತು.

ಕಿಟಕಿ ಮುಚ್ಚಿ ತೆರೆಯುವ ಅರೆಗಳಿಗೆಯ ಕಿರಿಕಿರಿ ಈ ಭದ್ರತೆಗೆ ತೆರುವ ಬೆಲೆ. ಹಳೆಯ ಕಿಟಕಿ ಹಟ ಹಿಡಿದಿಲ್ಲ. ತಾನು ಹೊರಟಾಗ ಕೈಗಿತ್ತ ಬುತ್ತಿಯನ್ನೇ ನಂಬಿ ಕೆಲಸ ಮಾಡುತ್ತಿದೆ, ಅಷ್ಟೆ.