ಹೆಡ್ಜ್‌ಹಾಗ್ ಕಚ್ಚುವುದೇಕೆ? ಒಂದು ತಪ್ಪು ಗ್ರಹಿಕೆಯ ಚರಿತ್ರೆ

ಮೈತುಂಬ ಮುಳ್ಳು, ಚೂಪಾದ ಮೂತಿ, ಹೆದರಿದರೆ ಚೆಂಡಿನಂತೆ ಸುರುಳಿಯಾಗುವ ದೇಹ – ಇದು ಹೆಡ್ಜ್‌ಹಾಗ್. ಇದನ್ನು ನಮ್ಮ ಕಾಡುಗಳ ಮುಳ್ಳುಹಂದಿಯೆಂದು ತಿಳಿಯಬೇಡಿ. ಮುಳ್ಳುಹಂದಿ ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದೆ. ಹೆಡ್ಜ್‌ಹಾಗ್ ಮುಖ್ಯವಾಗಿ ಹುಳುಹುಪ್ಪಟೆಗಳನ್ನು ತಿಂದು ಬದುಕುವ, ಬೇರೆಯೇ ಗುಂಪಿನ ನಿಶಾಚರ ಸಸ್ತನಿ. ಇದರ ಮುಳ್ಳುಗಳು ಮುಳ್ಳುಹಂದಿಯ ಮುಳ್ಳುಗಳಷ್ಟು ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ನೆರೆಯ ತಮಿಳುನಾಡು ಮತ್ತು ಆಂಧ್ರಪ್ರದೇಶಗಳ ಒಣ ಬಯಲುಗಳಲ್ಲಿ ಇದರ ಒಂದು ಪ್ರಭೇದವಿದೆ. ತಮಿಳರು ಅದನ್ನು 'ಮುಳ್ಳೆಲಿ' ಎಂದು ಕರೆಯುತ್ತಾರೆ. ವಿಜ್ಞಾನ ಲೋಕಕ್ಕೆ ಅದನ್ನು 1851ರಲ್ಲಿ ಪರಿಚಯಿಸಿದವರು ಹಾರ್ಸ್‌ಫೀಲ್ಡ್.

ಅಮೆರಿಕ, ಯೂರೋಪುಗಳಲ್ಲಿ ಆಫ್ರಿಕ ಮೂಲದ ಪುಟ್ಟ ಹೆಡ್ಜ್‌ಹಾಗನ್ನು ಹಲವರು ಮನೆಯಲ್ಲಿ ಸಾಕುತ್ತಾರೆ. ಅವರಲ್ಲಿ ಅನೇಕರ ದೂರು ಇದು: "ಪ್ರೀತಿಯಿಂದ ಕೈ ನೆಕ್ಕುತ್ತಿತ್ತು, ಇದ್ದಕ್ಕಿದ್ದಂತೆ ಕಚ್ಚಿಬಿಟ್ಟಿತು!" ನೆಕ್ಕಿದ್ದು ಪ್ರೀತಿಯಿಂದಲೆ? ಕಚ್ಚಿದ್ದು ಸಿಟ್ಟಿನಿಂದಲೆ? ಉತ್ತರಿಸುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗೋಣ. ಏಕೆಂದರೆ ಈ ಪ್ರಾಣಿಯ ವರ್ತನೆಗೆ ಮನುಷ್ಯನ ಉದ್ದೇಶಗಳನ್ನು ಹಚ್ಚುವ ಅಭ್ಯಾಸ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು.

ಹಣ್ಣು ಹೊರುವ ಜಾಣ, ಹಾಲು ಕುಡಿಯುವ ಕಳ್ಳ

ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಹೆಡ್ಜ್‌ಹಾಗನ್ನು ಮುಂದಾಲೋಚನೆಯ ಪ್ರಾಣಿಯೆಂದು ವರ್ಣಿಸಿದ. ಅದು ಬಿದ್ದ ಸೇಬುಗಳ ಮೇಲೆ ಹೊರಳಿ, ಮುಳ್ಳಿಗೆ ಚುಚ್ಚಿಕೊಂಡು, ಚಳಿಗಾಲಕ್ಕೆಂದು ಹೊತ್ತೊಯ್ಯುತ್ತದೆ ಎಂಬುದು ಅವನ ಹೇಳಿಕೆ. ಮಧ್ಯಯುಗದ ಪ್ರಾಣಿಗ್ರಂಥಗಳು ಇದನ್ನೇ ಚಿತ್ರಸಹಿತ ನಕಲು ಮಾಡಿದವು. ಆದರೆ ಯೂರೋಪಿನ ಹೆಡ್ಜ್‌ಹಾಗ್ ಚಳಿಗಾಲಕ್ಕಾಗಿ ಹಣ್ಣು ಕೂಡಿಡುವುದಿಲ್ಲ. ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು ಶಿಶಿರನಿದ್ರೆಗೆ ಜಾರುತ್ತದೆ.

ಇಂಗ್ಲೆಂಡಿನಲ್ಲಿ ಹಬ್ಬಿದ ಇನ್ನೊಂದು ನಂಬಿಕೆ ಇಷ್ಟು ನಿರುಪದ್ರವಿಯಾಗಿರಲಿಲ್ಲ. ರಾತ್ರಿ ಮಲಗಿದ ಹಸುಗಳ ಕೆಚ್ಚಲಿಗೆ ಬಾಯಿಟ್ಟು ಹೆಡ್ಜ್‌ಹಾಗ್ ಹಾಲು ಕುಡಿಯುತ್ತದೆ ಎಂದು ರೈತರು ನಂಬಿದ್ದರು. 1566ರಲ್ಲಿ, ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಬೆಳೆಗೆ ಹಾನಿ ಮಾಡುವ ಪ್ರಾಣಿಗಳ ಪಟ್ಟಿಯುಳ್ಳ ಕಾಯಿದೆಯೊಂದು ಬಂತು. ಅದರಲ್ಲಿ ಹೆಡ್ಜ್‌ಹಾಗಿನ ತಲೆಗೆ ಎರಡು ಪೆನ್ಸ್ ಬಹುಮಾನ! ಮುಂದೆ ತಲೆಮಾರುಗಳವರೆಗೆ ಹಳ್ಳಿಯ ಚರ್ಚುಗಳ ಲೆಕ್ಕಪುಸ್ತಕಗಳಲ್ಲಿ ಈ ಪಾವತಿಗಳು ದಾಖಲಾದವು. ಹೆಡ್ಜ್‌ಹಾಗಿಗೆ ಹಸುವಿನ ಹಾಲು ಸರಿಯಾಗಿ ಜೀರ್ಣವೇ ಆಗುವುದಿಲ್ಲ, ಕುಡಿದರೆ ಭೇದಿಯಾಗುತ್ತದೆ ಎಂಬುದು ಇಂದು ನಮಗೆ ಗೊತ್ತು. ಅದು ಹುಲ್ಲುಗಾವಲಿಗೆ ಬರುತ್ತಿದ್ದುದು ಹುಳುಗಳಿಗಾಗಿ. ಒಂದು ತಪ್ಪು ಊಹೆಗೆ ಅಸಂಖ್ಯಾತ ಪ್ರಾಣಿಗಳು ಬಲಿಯಾದವು.

ಸ್ವಲೇಪನದ ಒಗಟು

ಇಪ್ಪತ್ತನೇ ಶತಮಾನದಲ್ಲಿ ಪ್ರಾಣಿವಿಜ್ಞಾನಿಗಳು ಊಹೆ ಬಿಟ್ಟು ವೀಕ್ಷಣೆಗೆ ಇಳಿದರು. ಜರ್ಮನಿಯ ಕೊನ್ರಾಡ್ ಹೆರ್ಟರ್, ಬ್ರಿಟನ್ನಿನ ಮಾರಿಸ್ ಬರ್ಟನ್ ಇವರಲ್ಲಿ ಪ್ರಮುಖರು. ಅವರ ಗಮನ ಸೆಳೆದ ವಿಚಿತ್ರ ವರ್ತನೆಯೊಂದಿದೆ. ಹೊಸ ವಾಸನೆಯ ವಸ್ತು ಸಿಕ್ಕಿದೊಡನೆ ಹೆಡ್ಜ್‌ಹಾಗ್ ಅದನ್ನು ಮೂಸುತ್ತದೆ, ನೆಕ್ಕುತ್ತದೆ, ಕಚ್ಚಿ ಅಗಿಯುತ್ತದೆ. ಬಾಯಲ್ಲಿ ನೊರೆ ಬರುತ್ತದೆ. ಆಮೇಲೆ ಕತ್ತು ತಿರುಚಿ ಆ ನೊರೆಯನ್ನು ತನ್ನ ಮುಳ್ಳುಗಳಿಗೆ ಬಳಿದುಕೊಳ್ಳುತ್ತದೆ! ಇದನ್ನು 'ಸ್ವಲೇಪನ' ಎನ್ನಬಹುದು. ಚರ್ಮದ ಸಾಮಾನು, ತಂಬಾಕು, ಸಾಬೂನು – ಯಾವುದೂ ಇದನ್ನು ಪ್ರಚೋದಿಸಬಲ್ಲದು.

1977ರಲ್ಲಿ ಅಮೆರಿಕದ ಎಡ್ಮಂಡ್ ಬ್ರೋಡಿ 'ನೇಚರ್' ಪತ್ರಿಕೆಯಲ್ಲಿ ಒಂದು ವಿವರಣೆ ನೀಡಿದರು. ಹೆಡ್ಜ್‌ಹಾಗ್ ನೆಲಗಪ್ಪೆಯ ಚರ್ಮದ ವಿಷಗ್ರಂಥಿಗಳನ್ನು ಅಗಿದು ಮುಳ್ಳಿಗೆ ಸವರಿಕೊಳ್ಳುತ್ತದೆ, ವಿಷ ಸವರಿದ ಮುಳ್ಳು ಶತ್ರುವಿಗೆ ಹೆಚ್ಚು ನೋವು ಕೊಡುತ್ತದೆ ಎಂಬುದು ಅದರ ಸಾರ. ಆದರೆ ವಿಷವಿಲ್ಲದ ವಸ್ತುಗಳಿಗೂ ಅದು ಹೀಗೆಯೇ ಪ್ರತಿಕ್ರಿಯಿಸುವುದರಿಂದ ಈ ಒಂದೇ ವಿವರಣೆ ಸಾಲದು. ಒಂದಂತೂ ಸ್ಪಷ್ಟ: ದೃಷ್ಟಿ ಮಂದವಾಗಿರುವ ಈ ಪ್ರಾಣಿ ಜಗತ್ತನ್ನು ಅರಿಯುವುದು ಮುಖ್ಯವಾಗಿ ಮೂಗು ಮತ್ತು ಬಾಯಿಗಳಿಂದ.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಕೈಯನ್ನು ನೆಕ್ಕುವುದು ಬಹಳಷ್ಟು ಸಲ ಮುದ್ದಲ್ಲ, ರುಚಿ ಪರೀಕ್ಷೆ. ನಂತರದ ಕಚ್ಚು ಸೇಡಲ್ಲ, ಅದೇ ಪರೀಕ್ಷೆಯ ಮುಂದಿನ ಹೆಜ್ಜೆ. ಇದಲ್ಲದೆ ಭಯ, ನೋವು, ಕಾಯಿಲೆ, ಮರಿಗಳ ರಕ್ಷಣೆ, ಎಳೆಯ ವಯಸ್ಸಿನಲ್ಲಿ ಹೊಸ ಮುಳ್ಳು ಮೂಡುವಾಗಿನ ಕಿರಿಕಿರಿ – ಇವೂ ಕಚ್ಚಲು ಕಾರಣಗಳು.

ಮನೆಗೆ ಬಂದ ಕಾಡುಪ್ರಾಣಿ

ವಾಗ್ನರ್ 1841ರಲ್ಲಿ ಹೆಸರಿಸಿದ 'ಅಟೆಲೆರಿಕ್ಸ್ ಆಲ್ಬಿವೆಂಟ್ರಿಸ್' ಎಂಬ ಆಫ್ರಿಕದ ಪ್ರಭೇದ 1980ರ ದಶಕದ ಕೊನೆಯ ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿ ಅಮೆರಿಕದ ಮಾರುಕಟ್ಟೆ ಸೇರತೊಡಗಿತು. ದನಗಳ ಕಾಲುಬಾಯಿ ಜ್ವರದ ಭಯದಿಂದ 1990ರ ದಶಕದ ಆರಂಭದಲ್ಲಿ ಆಮದಿಗೆ ತಡೆ ಬಿತ್ತು. ಅನಂತರ ಅಲ್ಲಿಯೇ ತಳಿ ಬೆಳೆಸಲಾಯಿತು. ಕ್ಯಾಲಿಫೋರ್ನಿಯ, ಹವಾಯಿಗಳಲ್ಲಿ ಇಂದಿಗೂ ಇದನ್ನು ಸಾಕುವಂತಿಲ್ಲ. ನಾಯಿ ಮನುಷ್ಯನ ಜೊತೆ ಹತ್ತು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಳಿದೆ. ಈ ಪ್ರಾಣಿಯ ಗೃಹವಾಸ ಕೆಲವೇ ದಶಕಗಳದು. ಅದರಿಂದ ನಾಯಿಯ ನಡವಳಿಕೆಯನ್ನು ನಿರೀಕ್ಷಿಸುವುದು ಸರಿಯಲ್ಲ.

ಎತ್ತಿಕೊಳ್ಳುವ ಮುನ್ನ

ಇದನ್ನು ಸಾಕಲು ಅನುಮತಿಯಿರುವ ಕಡೆ ಪಾಲಿಸುವ ಕ್ರಮಗಳಿಗೆ ಈ ಇತಿಹಾಸವೇ ಆಧಾರ. ಮುಟ್ಟುವ ಮೊದಲು ಪರಿಮಳವಿಲ್ಲದ ಸಾಬೂನಿನಿಂದ ಕೈ ತೊಳೆಯಬೇಕು. ಆಹಾರದ ವಾಸನೆ ಉಳಿದಿದ್ದರೆ ಬೆರಳೇ ಆಹಾರವಾಗಿ ಕಂಡೀತು. ಹಗಲು ನಿದ್ರಿಸುತ್ತಿರುವುದನ್ನು ತಟ್ಟನೆ ಎಬ್ಬಿಸದೆ, ಸಂಜೆ ತಾನಾಗಿ ಎದ್ದಾಗ ಹತ್ತಿರ ಹೋಗಬೇಕು. ಮೇಲಿನಿಂದ ಹಿಡಿಯಬಾರದು, ಎರಡೂ ಅಂಗೈಗಳನ್ನು ಬದಿಗಳಿಂದ ಹೊಟ್ಟೆಯ ಕೆಳಗೆ ಸರಿಸಿ ಎತ್ತಬೇಕು. ಬುಸುಗುಟ್ಟಿ ಮುಳ್ಳೆತ್ತಿದರೆ ಅದು ಭಯದ ಸೂಚನೆ, ಕಾಯಬೇಕು. ನೆಕ್ಕತೊಡಗಿದರೆ ಕೈಯನ್ನು ನಿಧಾನವಾಗಿ ಸರಿಸಿಕೊಳ್ಳಬೇಕು. ಕಚ್ಚಿದರೆ ಹೊಡೆಯಬಾರದು, ಕೈ ಜಗ್ಗಬಾರದು. ಜಗ್ಗಿದರೆ ಗಾಯ ದೊಡ್ಡದಾಗುತ್ತದೆ. ಪಳಗಿದ ಪ್ರಾಣಿ ಏಕಾಏಕಿ ಕಚ್ಚತೊಡಗಿದರೆ ಪಶುವೈದ್ಯರಿಗೆ ತೋರಿಸಬೇಕು.

ಕಚ್ಚಿಗಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಆರೋಗ್ಯವಾಗಿ ಕಾಣುವ ಹೆಡ್ಜ್‌ಹಾಗಿನ ಮಲದಲ್ಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರಬಹುದು. 2019ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇವನ್ನು ಮುತ್ತಿಡಬೇಡಿ, ಮುಖಕ್ಕೆ ಒತ್ತಿಕೊಳ್ಳಬೇಡಿ ಎಂದು ಎಚ್ಚರಿಸಿತು. ಮುಟ್ಟಿದ ಮೇಲೂ ಕೈ ತೊಳೆಯುವುದು ಅಗತ್ಯ. ನಮ್ಮ ಪ್ರದೇಶದಲ್ಲಿ ಯಾವುದೇ ಸಸ್ತನಿ ಕಚ್ಚಿದರೂ ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೇಬೀಸ್ ಚುಚ್ಚುಮದ್ದು ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಬಯಲಿನ ಮುಳ್ಳೆಲಿಯನ್ನಂತೂ ಹಿಡಿದು ತಂದು ಸಾಕುವುದು ಸಲ್ಲದು.

ಶಿಕ್ಷಕರು ಇಲ್ಲಿಂದ ಒಂದು ಚಟುವಟಿಕೆಯನ್ನು ರೂಪಿಸಬಹುದು. ಬೆಕ್ಕನ್ನೋ ಕಾಗೆಯನ್ನೋ ಹತ್ತು ನಿಮಿಷ ಗಮನಿಸಿ, 'ಕಂಡದ್ದು' ಮತ್ತು 'ಊಹಿಸಿದ್ದು' ಎಂಬ ಎರಡು ಕಲಮುಗಳಲ್ಲಿ ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ. 'ಕೈ ನೆಕ್ಕಿತು' ಎಂಬುದು ಮೊದಲ ಕಲಮಿಗೆ ಸೇರುತ್ತದೆ, 'ಪ್ರೀತಿಯಿಂದ' ಎಂಬುದು ಎರಡನೆಯದಕ್ಕೆ. 1566ರ ಕಾಯಿದೆ ಬರೆದವರ ಬಳಿ ಇದ್ದುದು ಎರಡನೆಯ ಕಲಮು ಮಾತ್ರ.