ಕಂಠಪಾಠದ ಚರಿತ್ರೆ: ಕರ್ನಾಟಕದ ಹಳೆಯ ಶಾಲೆಗಳ ಅಭ್ಯಾಸಕ್ರಮವೂ ಇಂದಿನ ಪರೀಕ್ಷಾರ್ಥಿಯೂ

ಪರೀಕ್ಷೆಗಳು ಸಮೀಪಿಸಿದಾಗ ವಿದ್ಯಾರ್ಥಿಗಳಿಂದ ಕೇಳಿಬರುವ ಸಾಮಾನ್ಯ ದೂರೆಂದರೆ ಓದಿದ್ದು ನೆನಪಿನಲ್ಲಿ ನಿಲ್ಲದೆಂಬುದು. ನಮ್ಮ ವಿದ್ಯಾಭ್ಯಾಸವು ಪೂರ್ವದಿಂದಲೂ ಕೇವಲ ಗಿಳಿಪಾಠವಾಗಿ ಬಂದುದೇ ಇದಕ್ಕೆ ಕಾರಣವೆಂದು ಹೇಳುವವರು ಅಧ್ಯಾಪಕವರ್ಗದಲ್ಲಿ ಅನೇಕರಿರುವರು. ಈ ಅಭಿಪ್ರಾಯಕ್ಕೆ ಚರಿತ್ರೆಯ ಆಧಾರವು ಎಷ್ಟರಮಟ್ಟಿಗೆ ಇದೆಯೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಶಾಸನಗಳ ಕಾಲವನ್ನು ನೋಡೋಣ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿಷಯವನ್ನು ಕ್ರಿ. ಶ. 945ರ ಶಾಸನವು ತಿಳಿಸುತ್ತದೆ. ಅಲ್ಲಿ ವಿದ್ಯಾರ್ಥಿಗಳ ವಾಸಕ್ಕಾಗಿ 27 ಮನೆಗಳಿದ್ದವು. ದೀಪದ ವೆಚ್ಚಕ್ಕೆಂದೇ ಪ್ರತ್ಯೇಕವಾಗಿ ಭೂಮಿಯನ್ನು ದತ್ತಿಬಿಡಲಾಗಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ 200 ಮಂದಿ ವೇದವನ್ನೂ 52 ಮಂದಿ ಶಾಸ್ತ್ರವನ್ನೂ ಓದುತ್ತಿದ್ದರೆಂದು ಕ್ರಿ. ಶ. 1058ರ ಶಾಸನದಿಂದ ತಿಳಿಯುತ್ತದೆ. ಅಲ್ಲಿಯ ಉಪಾಧ್ಯಾಯರು ಆರು ಜನ. ಗ್ರಂಥಭಂಡಾರವನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗಳೂ ಆರು ಜನ. ಕಂಠಸ್ಥ ವಿದ್ಯೆಗೆ ಪ್ರಾಧಾನ್ಯವಿದ್ದ ಕಾಲದಲ್ಲಿಯೂ ನೆನಪು ಗ್ರಂಥಕ್ಕೆ ವಿರೋಧಿಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ವೇದಪಾಠದ ಕ್ರಮವೂ ಬರಿಯ ಪುನರುಚ್ಚಾರವಲ್ಲ. ಕ್ರಮಪಾಠದಲ್ಲಿ ಒಂದು ಎರಡು, ಎರಡು ಮೂರು ಎಂದು ಪದಗಳನ್ನು ಜೋಡಿಸುತ್ತ ಹೋಗುವರು. ಜಟಾಪಾಠದಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು ಎಂದು ಹಿಂದು ಮುಂದಾಗಿ ಹೇಳುವರು. ಘನಪಾಠವು ಇನ್ನೂ ಜಟಿಲವಾದುದು. ಪಾಠಶುದ್ಧಿಯ ರಕ್ಷಣೆಯೇ ಇದರ ಮುಖ್ಯ ಪ್ರಯೋಜನ. ಆದರೂ ನಾಲಗೆ ತಾನೇ ಓಡದಂತೆ ಮನಸ್ಸನ್ನು ಪ್ರತಿಪದದಲ್ಲಿಯೂ ಎಚ್ಚರವಾಗಿರಿಸುವ ಉಪಾಯವು ಇದರಲ್ಲಿ ಅಡಗಿದೆ. ಈ ವಿದ್ಯೆ ಕೆಲವರಿಗೆ ಮಾತ್ರ ಮೀಸಲಾಗಿದ್ದಿತೆಂಬುದನ್ನು ನಾವು ಮರೆಯಲಾಗದು.

ಇದಕ್ಕಿಂತ ವಿಶಾಲವಾದುದು ಊರೂರಿನ ಅಯ್ಯಗಳ ಶಾಲೆ. ಅದರ ಸ್ಪಷ್ಟ ಚಿತ್ರವು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಅವರು 1823ರಲ್ಲಿ ಮದರಾಸು ಸರಕಾರಕ್ಕೆ ಬರೆದ ವರದಿಯಲ್ಲಿ ದೊರೆಯುತ್ತದೆ. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಹುಡುಗರು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವರು. ಮುಂದೆ ಕಪ್ಪುಲೇಪ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸುವರು. ಮಗ್ಗಿಯನ್ನು ಒಬ್ಬನು ಹೇಳಿಕೊಡಲು ಉಳಿದವರೆಲ್ಲರೂ ಹೇಳುವರು. ಮೇಲಿನ ತರಗತಿಯ ಹುಡುಗರು ಕೆಳಗಿನವರಿಗೆ ಕಲಿಸುವರು. ಹೀಗೆ ಕಲಿಸುವುದರಿಂದ ಕಲಿಸುವವನ ಜ್ಞಾನವೇ ದೃಢವಾಗುವುದೆಂದು ಕ್ಯಾಂಪ್‌ಬೆಲ್ ಅವರು ಮೆಚ್ಚಿ ಬರೆದಿರುವರು. ಡಾ. ಆಂಡ್ರ್ಯೂ ಬೆಲ್ ಅವರು ಮದರಾಸಿನಲ್ಲಿ ಇಂತಹ ಪದ್ಧತಿಯನ್ನು ಪ್ರಯೋಗಿಸಿ 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಪಡಿಸಿದ ಬಳಿಕ ಅದು ಇಂಗ್ಲೆಂಡಿನ ಶಾಲೆಗಳಲ್ಲಿಯೂ ಹರಡಿತು.

ಅದೇ ವರದಿಯಲ್ಲಿ ಕಠಿಣವಾದ ಆಕ್ಷೇಪವೂ ಉಂಟು. ಆಡುಮಾತಿಗೆ ದೂರವಾದ ಭಾಷೆಯ ಪದ್ಯಗಳನ್ನು ಹುಡುಗರು ಅರ್ಥವರಿಯದೆ ಗಿಳಿಯಂತೆ ಒಪ್ಪಿಸುತ್ತಿದ್ದರು. ಈ ದೋಷವನ್ನು ಮುಚ್ಚಿಡುವ ಅವಶ್ಯಕತೆ ನಮಗಿಲ್ಲ. ಆದರೆ ದೋಷವೊಂದನ್ನೇ ಹಿಡಿದು ಇಡೀ ಪದ್ಧತಿಯನ್ನು ತಳ್ಳಿಹಾಕುವುದು ಸಮಂಜಸವಲ್ಲ. ಮರಳೂ ಕಡತವೂ ಬರೆದುದನ್ನು ಉಳಿಸಿಕೊಡುವುದಿಲ್ಲ. ಅಳಿದುಹೋದುದನ್ನು ಹುಡುಗನು ತಲೆಯಿಂದಲೇ ಮತ್ತೆ ತೆಗೆಯಬೇಕಾಗುತ್ತಿತ್ತು. ನಮ್ಮ ದೃಷ್ಟಿಯಲ್ಲಿ ಆ ಶಾಲೆಯ ನಿಜವಾದ ಬಲವು ಇದೇ ಆಗಿದೆ.

ಆಧುನಿಕ ಸಂಶೋಧನೆಯೂ ಈ ಮಾತನ್ನು ಸಮರ್ಥಿಸುತ್ತದೆ. ಕಲಿತುದರ ಬಹುಭಾಗವು ಮೊದಮೊದಲಿಗೇ ವೇಗವಾಗಿ ಮರೆತುಹೋಗುವುದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅವರು 1885ರಲ್ಲಿ ತೋರಿಸಿದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು ಮಾಡಿದ ಪ್ರಯೋಗದಲ್ಲಿ, ಗದ್ಯಭಾಗವೊಂದನ್ನು ಮತ್ತೆ ಮತ್ತೆ ಓದಿದವರು 5 ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ ಅನಂತರ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಮೀರಿಸಿದರು. ಓದಿದ ಕೂಡಲೆ ಎಲ್ಲವೂ ಬಂದಿತೆಂದು ತೋರುವುದೇ ವಿದ್ಯಾರ್ಥಿಯನ್ನು ವಂಚಿಸುತ್ತದೆ.

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಈ ಭಾಗದ ಉಚ್ಚ ವಿದ್ಯೆಯು ವರ್ಷಾಂತ್ಯದ ಲಿಖಿತ ಪರೀಕ್ಷೆಯ ಸುತ್ತ ತಿರುಗತೊಡಗಿತು. ದಿನದಿನವೂ ಒಪ್ಪಿಸುವ ರೂಢಿ ಹಿಂದೆ ಸರಿದು, ಒಂದೇ ದಿನದ ಭಾರವು ಮುಂದೆ ಬಂದಿತು. 1917ರಲ್ಲಿ ಕರ್ನಾಟಕ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾದರೂ ಪರೀಕ್ಷೆಯ ಸ್ವರೂಪವು ಮೂಲತಃ ಬದಲಾಗಲಿಲ್ಲ. ಇಂದು ಧಾರವಾಡದ ಸಪ್ತಾಪುರದ ಬಾಡಿಗೆಯ ಕೋಣೆಗಳಲ್ಲಿ ನಾನಾ ಜಿಲ್ಲೆಗಳ ತರುಣ ತರುಣಿಯರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವರು. ಹೊಲದ ಆದಾಯದಿಂದ ತಂದೆತಾಯಿಗಳು ಕಳಿಸಿದ ಹಣವೂ ತಾರುಣ್ಯದ ವರ್ಷಗಳೂ ಅಲ್ಲಿ ವೆಚ್ಚವಾಗುತ್ತಿವೆ. ಅವರಲ್ಲಿ ಅನೇಕರು ಗೆರೆ ಎಳೆದ ಟಿಪ್ಪಣಿಯನ್ನೇ ಪುನಃ ಪುನಃ ಓದುತ್ತ ಕೂಡುವರು. ಹಳೆಯ ಶಾಲೆಯ ದೋಷವನ್ನು ನಾವು ಉಳಿಸಿಕೊಂಡೆವು, ಗುಣವನ್ನು ಬಿಟ್ಟುಕೊಟ್ಟೆವು.

ಆದುದರಿಂದ ಅಧ್ಯಾಪಕರು ಪ್ರತಿ ಪಾಠದ ಆರಂಭದಲ್ಲಿ ಹಿಂದಿನ ಪಾಠದ ಸಾರವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುವುದು ಯೋಗ್ಯ. ವಿದ್ಯಾರ್ಥಿಗಳು ಅರ್ಥವನ್ನು ಮೊದಲು ಗ್ರಹಿಸಿ, ಪುಸ್ತಕ ಮುಚ್ಚಿ ಬರೆದು ನೋಡಿ, ಒಂದು ದಿನ, ಒಂದು ವಾರ, ಒಂದು ತಿಂಗಳು ಬಿಟ್ಟು ಅದನ್ನೇ ಮತ್ತೆ ಬರೆದು, ಕೊನೆಗೆ ಜೊತೆಯವನಿಗೆ ತಿಳಿಯಹೇಳಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ; ಒಂದು ಪಾಟಿ, ಒಂದು ಬಳಪ, ಕೇಳುವ ಒಬ್ಬ ಗೆಳೆಯನಿದ್ದರೆ ಸಾಕು.